ಸೋಲಾರ್ ಇದ್ದ ಮೇಲೆ ಅಣು ವಿದ್ಯುತ್ ಯಾಕೆ ಸಾರ್?

ಟ್ರಾನ್ಸ್‌ಫಾರ್ಮರ್ ಬಗ್ಗೆ, ಲೈನ್ ನಷ್ಟದ ಬಗ್ಗೆ ಕೇಳಿ ಅಂತ ಕಳೆದ ಸಲ ಬರೆದಿದ್ದೆ. ಒಬ್ಬರೂ ಕೇಳಲಿಲ್ಲ. ಬಂದಿದ್ದೆಲ್ಲ ಅಣು ವಿದ್ಯುತ್ ಪ್ರಶ್ನೆಗಳೇ. ಅದರಲ್ಲೂ ಮುಕ್ಕಾಲು ಪಾಲು ನಾನು ಮೂರು ಸಲ ಉತ್ತರ ಕೊಟ್ಟವು. ರಿಯಾಕ್ಟರ್ ಒಳಗೆ ಏನು ನಡೆಯುತ್ತದೆ ಅನ್ನುವುದು ಹೈಸ್ಕೂಲ್ ಪುಸ್ತಕದಲ್ಲೇ ಇದೆ, ಅದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ.

ಅಣುಸ್ಥಾವರ ಬಾಂಬ್ ತರ ಸಿಡಿಯಬಹುದಾ?

ಇಲ್ಲ. ಬಾಂಬಿನ ಯುರೇನಿಯಂನಲ್ಲಿ ಯು-235 (ಸುಲಭವಾಗಿ ಒಡೆಯುವ ಬಗೆಯ ಯುರೇನಿಯಂ) ನೂರಕ್ಕೆ 90ರ ಆಸುಪಾಸು ಇರುತ್ತದೆ. ಇಂದಿನ ಬಹುಪಾಲು ರಿಯಾಕ್ಟರ್‌ಗಳ ಇಂಧನದಲ್ಲಿ ಅದು 5 ದಾಟುವುದಿಲ್ಲ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ರಿಯಾಕ್ಟರನ್ನು ಒಡೆದದ್ದು ಹಬೆಯ ಒತ್ತಡ. 2011ರಲ್ಲಿ ಫುಕುಶಿಮಾದಲ್ಲಿ ಕಟ್ಟಡಗಳನ್ನು ಸಿಡಿಸಿದ್ದು ಹೈಡ್ರೋಜನ್. ಎರಡೂ ಭಯಂಕರವೇ, ಆದರೆ ಬಾಂಬ್ ಅಲ್ಲ. ದಯವಿಟ್ಟು ನಾಲ್ಕನೇ ಸಲ ಕೇಳಬೇಡಿ.

ಆ ದೊಡ್ಡ ಟವರ್‌ಗಳಿಂದ ಬರುವ ಬಿಳಿ ಹೊಗೆ ವಿಷ ಅಲ್ವಾ?

ಅದು ಹೊಗೆಯೇ ಅಲ್ಲ, ನೀರಾವಿ. ಕಲ್ಲಿದ್ದಲು ಸ್ಥಾವರಗಳಲ್ಲೂ ಅದೇ ಟವರ್ ಇರುತ್ತದೆ.

ಸೋಲಾರ್ ಇಷ್ಟು ಅಗ್ಗವಾದ ಮೇಲೆ ಅಣು ವಿದ್ಯುತ್ ಯಾಕೆ ಬೇಕು?

ಇದೇ ವಾರ ಇನ್ನೊಬ್ಬರು, "ಅಣು ವಿದ್ಯುತ್ ಇರುವಾಗ ಈ ಸೋಲಾರ್, ಗಾಳಿಯಂತ್ರದ ನಾಟಕ ಯಾಕೆ?" ಅಂತ ಕೇಳಿದ್ದಾರೆ. ಇಬ್ಬರನ್ನೂ ಎದುರುಬದುರು ಕೂರಿಸಿದರೆ ಜಗಳವಾಡುತ್ತಾರೆ. ಆದರೆ ಇಬ್ಬರದೂ ತಪ್ಪು ಒಂದೇ. ವಿದ್ಯುತ್ ಅಂದರೆ ಮೂಟೆ ಕಟ್ಟಿ ಮೂಲೆಯಲ್ಲಿಟ್ಟು, ಬೇಕಾದಾಗ ತೆಗೆಯುವ ಸಾಮಾನು ಅಂದುಕೊಂಡಿದ್ದಾರೆ.

ನಾನು ಬಹಳ ವರ್ಷ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ, ಅಂದರೆ ವಿದ್ಯುತ್ತಿನ ಉತ್ಪಾದನೆ, ಬಳಕೆಯನ್ನು ಸರಿದೂಗಿಸುವ ಕಡೆ, ಪಾಳಿ ಮಾಡಿದವನು. ಎದುರು ಗೋಡೆಯ ಮೇಲೆ ದೊಡ್ಡದಾಗಿ ಒಂದೇ ಅಂಕಿ, 50.00. ಗ್ರಿಡ್‌ನ ಫ್ರೀಕ್ವೆನ್ಸಿ. ಉತ್ಪಾದನೆ, ಬಳಕೆ ಎರಡೂ ಸಮ ಇದ್ದರೆ ಅದು ಅಲ್ಲೇ ನಿಲ್ಲುತ್ತದೆ, ಬಳಕೆ ಜಾಸ್ತಿಯಾದರೆ ಇಳಿಯುತ್ತದೆ. ಸಂಜೆ ಐದೂವರೆ ಆಯಿತು ಅಂದರೆ ಪರದೆಯ ಮೇಲೆ ಸೋಲಾರ್ ಗೆರೆ ಜಾರುಬಂಡೆಯ ಹಾಗೆ ಇಳಿಯಲು ಶುರು. ಅದೇ ಹೊತ್ತಿಗೆ ಜನ ಮನೆ ಸೇರಿ ಒಂದೊಂದೇ ಸ್ವಿಚ್ ಹಾಕುತ್ತಾರೆ. 49.97. 49.94. 49.90. ಜಲವಿದ್ಯುತ್ ಕೇಂದ್ರಕ್ಕೆ ಫೋನ್: "ಇನ್ನೊಂದು ಮಷೀನ್ ತಗೊಳ್ಳಿ." ಅಲ್ಲಿಂದ, "ಇರೋದೆಲ್ಲ ಓಡ್ತಾ ಇದೆ ಸಾರ್." ಆ ಎರಡು ಗಂಟೆ ನಾವು ಕಾಫಿ ಲೋಟ ಮುಟ್ಟಿದ್ದೇ ಇಲ್ಲ. ಅದೇ ಪರದೆಯಲ್ಲಿ ಅಣುಸ್ಥಾವರದ ಗೆರೆ ಮಾತ್ರ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಅದನ್ನು ನೋಡಿದರೆ ಒಂದು ಧೈರ್ಯ. ಹಾಗಂತ ಪೂರ್ತಿ ನಂಬುವ ಹಾಗೂ ಇಲ್ಲ. ಅದು ಟ್ರಿಪ್ ಆದ ದಿನ ಒಂದೇ ಏಟಿಗೆ ಸಾವಿರ ಮೆಗಾವ್ಯಾಟ್ ಮಾಯ!

ಈಗ ಮೊದಲನೆಯವರಿಗೆ. ಸೋಲಾರ್ ಅಗ್ಗ, ಒಪ್ಪಿದೆ. ಆದರೆ ಅಗ್ಗವಾಗಿರುವುದು ಮಧ್ಯಾಹ್ನದ ಯೂನಿಟ್. ರಾತ್ರಿ ಒಂಬತ್ತರ ಯೂನಿಟ್ ಬೇರೆಯೇ ಮಾಲು. ಬ್ಯಾಟರಿ ಇದೆಯಲ್ಲ ಅನ್ನುತ್ತೀರಿ. ಇದೆ, ಬೆಲೆಯೂ ಚೆನ್ನಾಗಿ ಇಳಿದಿದೆ. ಸಂಜೆಯ ಮೂರ್ನಾಲ್ಕು ಗಂಟೆಯನ್ನು ಅದು ದಾಟಿಸುತ್ತದೆ. ಮೋಡ ಮುಸುಕಿ, ಗಾಳಿಯೂ ನಿಂತು, ದಿನಗಟ್ಟಲೆ ಹಾಗೇ ಇದ್ದರೆ? ಉತ್ತರದ ಚಳಿ ದೇಶಗಳಲ್ಲಿ ಇದು ಕಲ್ಪನೆಯ ಮಾತಲ್ಲ. ಜರ್ಮನರು ಅಂಥ ದಿನಗಳಿಗೆ ಒಂದು ಹೆಸರನ್ನೇ ಇಟ್ಟಿದ್ದಾರೆ. ಆಗ ಕೈಹಿಡಿಯುವುದು ಗ್ಯಾಸ್, ಕಲ್ಲಿದ್ದಲು, ತುಂಬಿದ ಅಣೆಕಟ್ಟು, ಇಲ್ಲವೇ ಅಣು. ಇದರಲ್ಲಿ ಇಂಗಾಲ ಉಗುಳದವು ಕೊನೆಯ ಎರಡೇ. ಅಣೆಕಟ್ಟು ಎಲ್ಲ ಕಡೆ ಕಟ್ಟಲು ಆಗುವುದಿಲ್ಲ.

ಎರಡನೆಯವರೇ, ನೀವು ಇಷ್ಟು ಹೊತ್ತಿಗೆ ಬೀಗಿರುತ್ತೀರಿ. ಸ್ವಲ್ಪ ಇರಿ.

ಫ್ರಾನ್ಸಿನ ಫ್ಲಮಾನ್‌ವಿಲ್ 3 ರಿಯಾಕ್ಟರಿನ ಕೆಲಸ ಶುರುವಾದದ್ದು 2007ರಲ್ಲಿ. 2012ಕ್ಕೆ ಮುಗಿಯಬೇಕಿತ್ತು. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. 3.3 ಬಿಲಿಯನ್ ಯೂರೋ ಅಂದುಕೊಂಡಿದ್ದ ಖರ್ಚು 13 ಬಿಲಿಯನ್ ದಾಟಿತು. ಫಿನ್ಲೆಂಡಿನ ಓಲ್ಕಿಲುವೊಟೊ 3 ಅನ್ನು 2009ಕ್ಕೆ ಮುಗಿಸುತ್ತೇವೆ ಅಂದಿದ್ದರು, ಮುಗಿಸಿದ್ದು 2023ರಲ್ಲಿ. ಅಮೆರಿಕದ ವೋಗಲ್ ಸ್ಥಾವರದ ಎರಡು ಹೊಸ ರಿಯಾಕ್ಟರ್‌ಗಳಿಗೆ 30 ಬಿಲಿಯನ್ ಡಾಲರ್‌ಗೂ ಜಾಸ್ತಿ ಸುರಿದರು. ಇದರಲ್ಲಿ ಯುರೇನಿಯಂ ಬೆಲೆಯ ಪಾತ್ರ ಏನೂ ಇಲ್ಲ. ಇಂಧನ ಈ ಲೆಕ್ಕದಲ್ಲಿ ಚಿಲ್ಲರೆ. ಕಿರುಬೆರಳ ತುದಿಯಷ್ಟು ಒಂದು ಗುಳಿಗೆ ಹೆಚ್ಚುಕಮ್ಮಿ ಒಂದು ಟನ್ ಕಲ್ಲಿದ್ದಲಿನ ಕೆಲಸ ಮಾಡುತ್ತದೆ. ತಿನ್ನುವುದು ಬಡ್ಡಿ. ಕಾಂಕ್ರೀಟ್ ಹಾಕಿದ ದಿನದಿಂದ ಬಡ್ಡಿ ಓಡುತ್ತದೆ, ಮೊದಲ ಯೂನಿಟ್ ಮಾರುವುದು ಹತ್ತು ಹದಿನೈದು ವರ್ಷ ಬಿಟ್ಟು.

ಹಾಗಾದರೆ ಬೇಗ ಕಟ್ಟಲು ಆಗುವುದೇ ಇಲ್ಲವಾ? ಆಗುತ್ತದೆ. 1974ರಲ್ಲಿ ಫ್ರಾನ್ಸ್ ತೈಲ ಬಿಕ್ಕಟ್ಟಿಗೆ ಹೆದರಿ ಕೆಲಸಕ್ಕೆ ಇಳಿಯಿತು. ಒಂದೇ ಬಗೆಯ ರಿಯಾಕ್ಟರನ್ನು ಒಂದರ ಹಿಂದೆ ಒಂದು ಕಟ್ಟಿತು. ಮುಂದೆ ಆ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ 70ರಷ್ಟು ಅಣುವಿನಿಂದಲೇ ಬರುವಂತಾಯಿತು. ಯುಎಇಯ ಬರಾಕಾದಲ್ಲಿ ಕೊರಿಯಾದವರು ನಾಲ್ಕು ರಿಯಾಕ್ಟರ್ ಕಟ್ಟಿದರು, ನಾಲ್ಕೂ ಒಂದೇ ನಕ್ಷೆ. 2012ರಲ್ಲಿ ಶುರು, 2024ರಲ್ಲಿ ನಾಲ್ಕನೆಯದೂ ಓಡಿತು. ಇಪ್ಪತ್ತು ವರ್ಷಕ್ಕೆ ಒಂದು, ಅದೂ ಪ್ರತಿ ಸಲ ಹೊಸ ನಕ್ಷೆ ಅಂದರೆ ಯಾರಿಗೆ ಕೈ ಪಳಗುತ್ತದೆ? ಮೊದಲನೆಯದನ್ನು ಬೆಸೆದ ವೆಲ್ಡರ್ ಅಷ್ಟರಲ್ಲಿ ರಿಟೈರ್ ಆಗಿರುತ್ತಾನೆ.

ಅಣು ಅಂದರೆ ನಿಲ್ಲುವುದೇ ಇಲ್ಲ ಅನ್ನುವ ಮಾತನ್ನೂ ಬಿಡಿ. 2022ರಲ್ಲಿ ಪೈಪುಗಳಲ್ಲಿ ಸವೆತದ ಬಿರುಕು ಸಿಕ್ಕಿ, ಅದರ ಜೊತೆಗೆ ರಿಪೇರಿ ಕೆಲಸವೂ ಸೇರಿ, ಫ್ರಾನ್ಸಿನ ರಿಯಾಕ್ಟರ್‌ಗಳಲ್ಲಿ ಒಂದು ಹಂತದಲ್ಲಿ ಅರ್ಧದಷ್ಟು ನಿಂತಿದ್ದವು. ಎಲ್ಲರಿಗೂ ವಿದ್ಯುತ್ ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳಬೇಕಾಯಿತು. ಒಂದೇ ನಕ್ಷೆಯ ಲಾಭ ಹೇಳಿದೆನಲ್ಲ, ಅದರ ನಷ್ಟವೂ ಇದೇ: ಒಂದರಲ್ಲಿ ಬಿರುಕು ಕಂಡರೆ ಅದರ ಅಣ್ಣ-ತಮ್ಮಂದಿರನ್ನೆಲ್ಲ ನಿಲ್ಲಿಸಿ ನೋಡಬೇಕು.

ಇನ್ನೊಂದು ಪೇಚಿದೆ. ಅಣುಸ್ಥಾವರಕ್ಕೆ ಹಾಕಿದ ದುಡ್ಡು ಹುಟ್ಟಬೇಕಾದರೆ ಅದು ಇಪ್ಪತ್ನಾಲ್ಕು ಗಂಟೆ ಓಡಬೇಕು. ಮಧ್ಯಾಹ್ನ ಸೋಲಾರ್ ತುಂಬಿ ತುಳುಕುವಾಗ ಅದರ ಯೂನಿಟ್ಟನ್ನು ಕೇಳುವವರಿಲ್ಲ. ಇಳಿಸಿ ಓಡಿಸಬಹುದು, ಫ್ರಾನ್ಸಿನವರು ಇಳಿಸುತ್ತಾರೆ. ಆದರೆ ಇಳಿಸಿದರೆ ಉಳಿಯುವುದು ಅದೇ ಚಿಲ್ಲರೆ ಇಂಧನ, ಬಡ್ಡಿ ಅಲ್ಲ.

ಅದಕ್ಕೇ "ಅಣು ಪರವೋ ವಿರೋಧವೋ" ಅಂತ ನನ್ನನ್ನು ಕೇಳಬೇಡಿ. ಈಗಾಗಲೇ ಓಡುತ್ತಿರುವ ಸ್ಥಾವರವೋ, ಹೊಸದೋ ಅಂತ ಕೇಳಿ. ಓಡುತ್ತಿರುವುದು ಗಟ್ಟಿ ಇದ್ದರೆ ಮುಚ್ಚಬಾರದು. ಜರ್ಮನಿ 2023ರ ಏಪ್ರಿಲ್ 15ರಂದು ಕೊನೆಯ ಮೂರನ್ನು ಆರಿಸಿತು. ಆ ದಿನವೂ ಅಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಮೊದಲು ಮುಚ್ಚಬೇಕಾದದ್ದು ಯಾವುದಾಗಿತ್ತು ಅಂತ ನನಗೆ ಅನುಮಾನವೇ ಇಲ್ಲ. ಹೊಸದು ಕಟ್ಟುವುದಾದರೆ ಬೇರೆ ಲೆಕ್ಕ. ಬೇರೆ ಕಡೆ ಕಟ್ಟಿ ಓಡಿಸಿದ ನಕ್ಷೆ ಇರಬೇಕು, ಒಂದೇ ಜಾಗದಲ್ಲಿ ನಾಲ್ಕಾದರೂ ಕಟ್ಟಬೇಕು, ಬೇಸಿಗೆಯಲ್ಲೂ ಬತ್ತದ ನೀರು ಬೇಕು. ಇಷ್ಟು ಇಲ್ಲದಿದ್ದರೆ ಆ ದುಡ್ಡನ್ನು ಲೈನಿಗೆ, ಬ್ಯಾಟರಿಗೆ, ಸೋಲಾರ್‌ಗೆ ಹಾಕಿ. 2023ರ ಕೊನೆಗೆ ದುಬೈ ಹವಾಮಾನ ಸಮ್ಮೇಳನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ದೇಶಗಳು 2050ರೊಳಗೆ ಅಣು ವಿದ್ಯುತ್ತನ್ನು ಮೂರು ಪಟ್ಟು ಮಾಡೋಣ ಅಂದವು. 1990ರ ದಶಕದ ನಡುವೆ ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ 17ರಷ್ಟಿದ್ದ ಅಣುವಿನ ಪಾಲು ಈಗ 9ರ ಹತ್ತಿರ ಇದೆ. ಮೊದಲು ಇಳಿಯುವುದು ನಿಲ್ಲಲಿ.

ಸಣ್ಣ ಮಾಡ್ಯುಲರ್ ರಿಯಾಕ್ಟರ್ (ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವಂಥದ್ದು) ಬಂದರೆ ಎಲ್ಲ ಸರಿಹೋಗುತ್ತದಂತೆ?

ಅಮೆರಿಕದಲ್ಲಿ ನ್ಯೂಸ್ಕೇಲ್ ಕಂಪನಿಯ ಇಂಥದ್ದೇ ಯೋಜನೆ ಖರ್ಚು ಏರಿ 2023ರ ನವೆಂಬರ್‌ನಲ್ಲಿ ರದ್ದಾಯಿತು. ಹತ್ತು ಕಟ್ಟಿ ಓಡಿಸಿದ ಮೇಲೆ ಬನ್ನಿ, ಮಾತಾಡೋಣ.

ಫ್ಯೂಷನ್ (ಸೂರ್ಯನಲ್ಲಿ ಆಗುವ ಹಾಗೆ ಪರಮಾಣುಗಳನ್ನು ಬೆಸೆದು ವಿದ್ಯುತ್ ಮಾಡುವುದು) ಬರುವವರೆಗೆ ಕಾಯಬಾರದಾ?

ಕಾಯಿರಿ. ರಾತ್ರಿ ಮೇಣದಬತ್ತಿ ಇಟ್ಟುಕೊಂಡಿರಿ.

ತ್ಯಾಜ್ಯಕ್ಕೆ ಪರಿಹಾರವೇ ಇಲ್ಲವಂತೆ, ನಿಜವೇ?

ಪರಿಹಾರವೇ ಇಲ್ಲ ಅನ್ನುವುದು ಸುಳ್ಳು, ಎಲ್ಲ ಮುಗಿದಿದೆ ಅನ್ನುವುದೂ ಸುಳ್ಳು. ಫಿನ್ಲೆಂಡ್ ಓಂಕಾಲೊ ಎಂಬಲ್ಲಿ 400 ಮೀಟರಿಗೂ ಆಳದಲ್ಲಿ, ಗಟ್ಟಿ ಬಂಡೆಯೊಳಗೆ ಸುರಂಗ ಕೊರೆದಿದೆ. ಬಳಸಿದ ಇಂಧನವನ್ನು ತಾಮ್ರದ ಡಬ್ಬಿಗಳಲ್ಲಿ ತುಂಬಿ ಅಲ್ಲಿ ಹೂಳುವ ಯೋಜನೆ. ಉಳಿದ ಬಹಳಷ್ಟು ದೇಶಗಳು ಜಾಗ ಎಲ್ಲಿ ಅನ್ನುವ ಜಗಳದಲ್ಲೇ ಇವೆ. ನನಗೆ ಇರುಸುಮುರುಸು ಆಗುವುದು ಹೂಳಿದ್ದರ ಬಗ್ಗೆ ಅಲ್ಲ, ಹೂಳದೆ ಸ್ಥಾವರದ ಕೊಳಗಳಲ್ಲಿ ತುಂಬಿಟ್ಟಿದ್ದರ ಬಗ್ಗೆ. ಅದು ಬಿಸಿಯೇರದಂತೆ ಅಲ್ಲಿ ನೀರಿನ ಪಂಪ್ ಓಡುತ್ತಲೇ ಇರಬೇಕು. ಫುಕುಶಿಮಾದಲ್ಲಿ ಸುನಾಮಿ ಬಂದು ಡೀಸೆಲ್ ಜನರೇಟರ್‌ಗಳು ಮುಳುಗಿದಾಗ, ರಿಯಾಕ್ಟರ್‌ಗಳ ಜೊತೆ ಈ ಕೊಳಗಳೂ ಎಲ್ಲರ ಎದೆ ನಡುಗಿಸಿದವು. ಕೆಲವು ವರ್ಷ ತಣಿದದ್ದನ್ನು ಒಣ ಕಾಂಕ್ರೀಟ್ ಪೀಪಾಯಿಗೆ ಬೇಗ ಸಾಗಿಸಲಿ. ಅದಕ್ಕೆ ಕರೆಂಟೇ ಬೇಡ.

ವಿಕಿರಣ ತಡೆಯುವ ಲಾಕೆಟ್ ಕೊಂಡಿದ್ದೇನೆ. ಜೊತೆಗೆ ಅಯೋಡಿನ್ ಮಾತ್ರೆಯನ್ನೂ ದಿನಾ ತಗೊಳ್ಳಲು ಹೇಳಿದ್ದಾರೆ. ಸರಿಯೇ?

ಮಾತ್ರೆ ಇವತ್ತೇ ನಿಲ್ಲಿಸಿ. ಅದು ಕಾಪಾಡುವುದು ಥೈರಾಯ್ಡ್ ಗ್ರಂಥಿಯನ್ನು ಮಾತ್ರ, ಅದೂ ವಿಕಿರಣ ಅಯೋಡಿನ್‌ನಿಂದ ಮಾತ್ರ. ಅವಘಡ ಆದಾಗ, ಅಧಿಕಾರಿಗಳು ಹೇಳಿದಾಗ ತಗೊಳ್ಳುವಂಥದ್ದು. ಸುಮ್ನೆ ದಿನಾ ನುಂಗಿದರೆ ಥೈರಾಯ್ಡೇ ಕೆಡಬಹುದು. 2011ರಲ್ಲಿ ಚೀನಾದಲ್ಲಿ ಜನ ಇದೇ ಭಯಕ್ಕೆ ಅಯೋಡಿನ್ ಉಪ್ಪನ್ನು ಮುಗಿಬಿದ್ದು ಕೊಂಡರು. ಲಾಭವಾದದ್ದು ಉಪ್ಪು ಮಾರಿದವರಿಗೆ.

ಇನ್ನು ಲಾಕೆಟ್. ಇಂಥ "ರಕ್ಷಾ" ಮಾಲುಗಳನ್ನು ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಇಲಾಖೆ 2021ರಲ್ಲಿ ಪರೀಕ್ಷೆ ಮಾಡಿಸಿತು. ಹತ್ತು ಮಾಲುಗಳು ತಾವೇ ವಿಕಿರಣ ಸೂಸುತ್ತಿದ್ದವು. ಹಾಕಿಕೊಳ್ಳಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ನಿಮ್ಮದು ಯಾವುದೋ ಗೊತ್ತಿಲ್ಲ. ಬಿಚ್ಚಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಾರಿದವನು ಈಗ ಫೋನ್ ಎತ್ತುತ್ತಿಲ್ಲ ಅಂತ ಬರೆದಿದ್ದೀರಿ. ಎತ್ತುವುದಿಲ್ಲ.