ಇಂಟರ್ವ್ಯೂನಲ್ಲಿ "ನಾನು ಟೈಪ್ ಎ" ಅಂತ ಹೇಳಿಕೊಳ್ಳಬಹುದಾ?

ಗುರಿ ಹಿಡಿದು ಓಡುವವರನ್ನು, ಗೆದ್ದವರನ್ನು ಎಲ್ಲರೂ 'ಟೈಪ್ ಎ' ಅಂತಾರೆ, ಹಾಗಾಗಿ ನಾನೂ ಇಂಟರ್ವ್ಯೂನಲ್ಲಿ ಹಾಗೇ ಹೇಳಿಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಕೆಲಸಕ್ಕೆ ಜನರನ್ನು ಆರಿಸುವವರ ಜೊತೆ ನಾನೂ ಆಗಾಗ ಕೂರುತ್ತೇನೆ, ಅದಕ್ಕೇ ಇಷ್ಟು ನೇರವಾಗಿ ಹೇಳ್ತಿದ್ದೇನೆ.

ಈ ಹೆಸರು ಹುಟ್ಟಿದ್ದು ಹೊಗಳೋದಕ್ಕಲ್ಲ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ವೈದ್ಯರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, ಹೃದಯದ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಇರುವವರ ಸ್ವಭಾವಕ್ಕೆ ಇಟ್ಟ ಹೆಸರು ಇದು. ಸದಾ ಗಡಿಬಿಡಿ, ಎಲ್ಲದರಲ್ಲೂ ಪೈಪೋಟಿ, ಮೂಗಿನ ತುದಿಯಲ್ಲೇ ಕೋಪ.

ಅಂಥವರನ್ನು ಗುರುತಿಸುತ್ತಿದ್ದ ಬಗೆ ಮಜವಾಗಿದೆ. ಅದೂ ಒಂದು ಇಂಟರ್ವ್ಯೂನೇ! ಪ್ರಶ್ನೆ ಕೇಳುವವರು ಕೆಲವೊಮ್ಮೆ ಬೇಕಂತಲೇ ತಡವರಿಸುತ್ತಾ, ಎಳೆದೆಳೆದು ಮಾತಾಡುತ್ತಿದ್ದರು. ಎದುರು ಕೂತವರು ತಡೆಯಲಾರದೆ ಆ ವಾಕ್ಯವನ್ನು ತಾವೇ ಮುಗಿಸಿಬಿಟ್ಟರೆ ಅದು ಟೈಪ್ ಎ ಲಕ್ಷಣ. ಏನು ಉತ್ತರ ಕೊಟ್ಟರು ಅನ್ನೋದಕ್ಕಿಂತ ಹೇಗೆ ಕೊಟ್ಟರು ಅನ್ನೋದನ್ನೇ ಜಾಸ್ತಿ ನೋಡುತ್ತಿದ್ದರು. ಹೀಗೆ 3,000ಕ್ಕೂ ಹೆಚ್ಚು ಗಂಡಸರನ್ನು ವಿಂಗಡಿಸಿ, ಎಂಟೂವರೆ ವರ್ಷ ಗಮನಿಸಿದರು. ಟೈಪ್ ಎ ಗುಂಪಿನಲ್ಲಿ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು ಕಂಡುಬಂತು.

ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಈ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಸಂಶೋಧಕರ ಕಣ್ಣು ಮಹತ್ವಾಕಾಂಕ್ಷೆ ಬಿಟ್ಟು ಸಿಟ್ಟು, ಹಗೆತನದ ಕಡೆ ತಿರುಗಿತು. (ಸಿಗರೇಟು ಕಂಪನಿಗಳೂ ಈ ಸಂಶೋಧನೆಗೆ ದುಡ್ಡು ಸುರಿದಿದ್ದವು. ತಪ್ಪು ಸಿಗರೇಟಿನದಲ್ಲ, ಸ್ವಭಾವದ್ದು ಅಂದರೆ ಅವರಿಗೆ ಲಾಭ ತಾನೇ?)

ಜನರ ಬಾಯಲ್ಲಿ ಮಾತ್ರ ಕಾಯಿಲೆ ಉದುರಿಹೋಗಿ 'ಛಲಗಾರ' ಅನ್ನೋ ಅರ್ಥವಷ್ಟೇ ಉಳಿಯಿತು. ಗೆಳೆಯರ ಮಧ್ಯೆ ತಮಾಷೆಗೆ ಹೇಳಿಕೊಳ್ಳಿ, ಯಾರೂ ಬೇಡ ಅನ್ನಲ್ಲ. ಇಂಟರ್ವ್ಯೂನಲ್ಲಿ ಈ ಮಾತು ಕೇಳಿದರೆ ನನಗೆ ಮೊದಲು ಹೊಳೆಯೋದು, ಇವರು ಜೊತೆಯವರ ಮೇಲೆ ರೇಗುತ್ತಾರಾ ಅನ್ನೋ ಅನುಮಾನ. 'ಹೈ ಅಚೀವರ್' ಅಂದರೂ ಅಷ್ಟೇ, ಅದನ್ನು ಬೇರೆಯವರು ನಿಮ್ಮ ಬಗ್ಗೆ ಹೇಳಬೇಕು.

ಅದರ ಬದಲು ನೀವು ಮಾಡಿ ಮುಗಿಸಿದ ಒಂದು ಕೆಲಸ ಹೇಳಿ. ಕೈಗೆ ಬಂದಾಗ ಅದು ಯಾವ ಸ್ಥಿತಿಯಲ್ಲಿತ್ತು, ಎಷ್ಟು ಸಮಯವಿತ್ತು, ಎಲ್ಲಿ ಸಿಕ್ಕಿಕೊಂಡಿತು, ಯಾರ ಸಹಾಯ ಕೇಳಿದಿರಿ. ಎರಡು ನಿಮಿಷ ಸಾಕು.