ಎಲ್ಕ್ ಬೇಟೆಗೆ 3000 ಡಾಲರ್‌ನ ದುರ್ಬೀನು ನಿಜವಾಗಲೂ ಬೇಕಾ?

ನೀವು ಕೇಳಿದ್ದು ಇಷ್ಟು: ಡೆನ್ವರ್‌ನಲ್ಲಿದ್ದೀರಿ, ಈ ಅಕ್ಟೋಬರ್‌ಗೆ ಮೊದಲ ಸಲ ಎಲ್ಕ್ ಟ್ಯಾಗ್ (ನಮ್ಮ ಕಡವೆಯ ದೊಡ್ಡಣ್ಣ ಅನ್ನಬಹುದಾದ ಆ ಪ್ರಾಣಿಯನ್ನು ಹೊಡೆಯುವ ಪರವಾನಗಿ) ತಗೊಂಡಿದ್ದೀರಿ, ಅಂಗಡಿಯವನು 3000 ಡಾಲರ್‌ನ ಬೈನಾಕ್ಯುಲರ್ ಕೈಗಿಟ್ಟು "ಕಡಿಮೆಯದ್ದು ತಗೊಂಡರೆ ಆಮೇಲೆ ಅಳ್ತೀರಿ" ಅಂದಿದ್ದಾನೆ. 300 ಡಾಲರ್‌ನದ್ದು ಸಾಲದಾ?

ಮೊದಲ ವರ್ಷಕ್ಕೆ 3000ದ್ದು ಬೇಡ. 300ರಿಂದ 500ರ ಒಳಗಿನ ಒಂದು 10x42 (ಈ ಅಂಕಿಯ ಅರ್ಥ ಮುಂದೆ ಹೇಳುತ್ತೇನೆ) ತಗೊಳ್ಳಿ, ಮಿಕ್ಕ ದುಡ್ಡಲ್ಲಿ ಒಂದು ಟ್ರೈಪಾಡ್ ತಗೊಳ್ಳಿ. ಹಾಗಂತ "ಅದೆಲ್ಲ ಸುಮ್ನೆ ಹೆಸರಿಗೆ ಕೊಡೋ ದುಡ್ಡು" ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ನಾನೂ ಹಾಗೇ ಅನ್ನುತ್ತಿದ್ದೆ.

ನಾನಿರುವುದು ಇಲ್ಲೇ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಊರು ಸಕಲೇಶಪುರದ ಕಡೆ. ಒಂಬತ್ತು ಸೀಸನ್ ಹೋಗಿದ್ದೇನೆ, ಎಲ್ಕ್ ಸಿಕ್ಕಿದ್ದು ಎರಡೇ. ಹಾಗಾಗಿ ಇದು ದೊಡ್ಡ ಬೇಟೆಗಾರನ ಉತ್ತರ ಅಲ್ಲ. ಗುಡ್ಡದ ಮೇಲೆ ಕೂತು ಸಿಕ್ಕಾಪಟ್ಟೆ ಹೊತ್ತು ನೋಡಿದವನ ಉತ್ತರ.

ನನ್ನ ಮೊದಲ ದುರ್ಬೀನು 80 ಡಾಲರ್‌ನದ್ದು. ಯಾವ ಕಂಪನಿ ಅಂತ ಕೇಳಬೇಡಿ. ಮೊದಲ ವರ್ಷ ಅದು ಚೆನ್ನಾಗಿಯೇ ಇತ್ತು, ಅಂದರೆ ನನಗೆ ಹಾಗನ್ನಿಸಿತ್ತು. ಎರಡನೇ ವರ್ಷ ಪಿಕಪ್ ಸೀಟಿನಿಂದ ಒಮ್ಮೆ ಕೆಳಗೆ ಬಿತ್ತು. ಒಡೆಯಲಿಲ್ಲ, ಗೀರೂ ಬೀಳಲಿಲ್ಲ. ಆಮೇಲೆ ಅದರಲ್ಲಿ ಅರ್ಧ ಗಂಟೆ ನೋಡಿದರೆ ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ ತಲೆನೋವು. 9000 ಅಡಿ ಎತ್ತರ ಅಲ್ವಾ, ಅದಕ್ಕೇ ಇರಬೇಕು ಅಂತ ಲೀಟರ್‌ಗಟ್ಟಲೆ ನೀರು ಕುಡಿದೆ. ನನ್ನ ಜೊತೆ ಬರುವವರು ನಮ್ಮ ಬೀದಿಯ ಒಬ್ಬ ಹಿರಿಯರು, ನಿವೃತ್ತ ಲಾರಿ ಡ್ರೈವರ್. ಅವರು ಅದನ್ನು ತಗೊಂಡು ಎರಡು ನಿಮಿಷ ನೋಡಿ ವಾಪಸ್ ಕೊಟ್ಟರು. "ಇದರಲ್ಲಿ ನಿನ್ನ ಎಡಗಣ್ಣು ಈ ಗುಡ್ಡ ನೋಡ್ತಿದೆ, ಬಲಗಣ್ಣು ಪಕ್ಕದ ಗುಡ್ಡ ನೋಡ್ತಿದೆ" ಅಂದರು. ಬಿದ್ದ ಹೊಡೆತಕ್ಕೆ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಸ್ವಲ್ಪ ಸರಿದಿತ್ತು. ಎರಡು ಚಿತ್ರವನ್ನೂ ಒಂದು ಮಾಡಲು ಮೆದುಳು ಒದ್ದಾಡುತ್ತಿತ್ತು, ಅದೇ ತಲೆನೋವು. ಅದೇ ವರ್ಷ ನವೆಂಬರ್‌ನ ಒಂದು ಬೆಳಿಗ್ಗೆ ಲೆನ್ಸ್ ಒಳಗಡೆಯೇ ಮಂಜು ಕಟ್ಟಿತು. ಹೊರಗೆ ಕಟ್ಟಿದರೆ ಒರೆಸಬಹುದು, ಒಳಗೆ ಕಟ್ಟಿದರೆ ಏನು ಮಾಡುತ್ತೀರಿ? ಸ್ವಲ್ಪ ಒಳ್ಳೆಯ ದುರ್ಬೀನುಗಳಲ್ಲಿ ಗಾಳಿ ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಸೀಲ್ ಮಾಡಿರುತ್ತಾರೆ. ನನ್ನದರಲ್ಲಿ ಅದು ಇರಲಿಲ್ಲ.

ಹಾಗಾಗಿ 80ರಿಂದ 400ಕ್ಕೆ ಹೋಗುವ ದುಡ್ಡಿದೆಯಲ್ಲ, ಅದಕ್ಕೆ ಎರಡು ಮಾತಿಲ್ಲ, ಕೊಡಿ. ತಕರಾರು ಇರುವುದು 400ರಿಂದ 3000ಕ್ಕೆ ಹೋಗುವುದರ ಬಗ್ಗೆ.

ಇದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರು ಮಾಡ್ಕೋಬೇಡಿ. 10x42 ಅಂದರೆ ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ. 42ನ್ನು 10ರಿಂದ ಭಾಗಿಸಿ, 4.2 ಬರುತ್ತದೆ. ದುರ್ಬೀನನ್ನು ಕೈಚಾಚಿ ಹಿಡಿದು ನೋಡಿದರೆ ಕಣ್ಣಿಡುವ ಗಾಜಿನಲ್ಲಿ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ, ಅದರ ಅಗಲ ಈ 4.2 ಮಿ.ಮೀ. ಕಣ್ಣಿಗೆ ಬರುವ ಬೆಳಕೆಲ್ಲ ಅದರೊಳಗಿಂದಲೇ ಬರಬೇಕು. ಇದು 200 ಡಾಲರ್‌ನ 10x42ನಲ್ಲೂ 4.2, 3000 ಡಾಲರ್‌ನದರಲ್ಲೂ 4.2. ದುಡ್ಡು ಕೊಟ್ಟು ಇದನ್ನು ದೊಡ್ಡದು ಮಾಡಲು ಆಗುವುದಿಲ್ಲ. ಅದೇ 8x42 ತಗೊಂಡರೆ 5.25 ಬರುತ್ತದೆ. ಕತ್ತಲಲ್ಲಿ ನಿಮ್ಮ ಕಣ್ಣಿನ ಪಾಪೆ ಅಷ್ಟು ಅಗಲ ತೆರೆದರೆ, ಅದು ಒಂದೂವರೆ ಪಟ್ಟಿಗೂ ಜಾಸ್ತಿ ಬೆಳಕು. ಹರೆಯದಲ್ಲಿ ಪಾಪೆ 7 ಮಿ.ಮೀ. ತನಕ ತೆರೆಯುತ್ತದೆ, ವಯಸ್ಸಾದಂತೆ ಅದು ಕಡಿಮೆಯಾಗುತ್ತಾ ಬರುತ್ತದೆ.

ಹಾಗಾದರೆ ದುಬಾರಿಯದ್ದರಲ್ಲಿ ಏನು ಸಿಗುತ್ತದೆ? ಗಾಜಿನ ಮೇಲೆ ಬೆಳಕು ಬಿದ್ದಾಗ, ಲೇಪನ ಇಲ್ಲದಿದ್ದರೆ, ಒಂದೊಂದು ಮೇಲ್ಮೈಯಲ್ಲೂ ಸುಮಾರು 4% ವಾಪಸ್ ಹೋಗುತ್ತದೆ. ದುರ್ಬೀನಿನ ಒಳಗೆ ಅಂಥ ಮೇಲ್ಮೈ ಹತ್ತಾರು. ಜರ್ಮನಿಯ ಜೈಸ್ ಅನ್ನುವ ಲೆನ್ಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಇದಕ್ಕೆ ಲೇಪನ ಕಂಡುಹಿಡಿದರು. ಈಗಿನ ನೇರ ಕೊಳವೆಯ ದುರ್ಬೀನುಗಳಲ್ಲಿ ಇನ್ನೊಂದು ತೊಂದರೆ ಇತ್ತು. ಪ್ರಿಸಂ ಒಳಗೆ ಬೆಳಕು ಎರಡು ಪಾಲಾಗಿ, ಮತ್ತೆ ಸೇರುವಾಗ ಹೆಜ್ಜೆ ತಪ್ಪಿ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು. ಅದಕ್ಕೂ 1988ರಲ್ಲಿ ಜೈಸ್‌ನವರೇ ಒಂದು ಲೇಪನ ತಂದರು. ಆಗ ಅದು ಶ್ರೀಮಂತರ ವಸ್ತು. ಈಗ 200 ಡಾಲರ್‌ನದರಲ್ಲೂ ಇರುತ್ತದೆ. ಮೂವತ್ತು ವರ್ಷದ ಹಿಂದೆ ನೀವು ಈ ಪ್ರಶ್ನೆ ಕೇಳಿದ್ದರೆ, ಸಾಲ ಮಾಡಿಯಾದರೂ ಒಳ್ಳೆಯದು ತಗೊಳ್ಳಿ ಅನ್ನಬೇಕಾಗುತ್ತಿತ್ತು. ಈಗ ಆ ಅಂತರ ತುಂಬಾ ಕಡಿಮೆಯಾಗಿದೆ.

ಉಳಿದಿರುವ ಅಂತರ ಏನು ಅನ್ನುವುದು ನನಗೆ ಒಂದು ಸಂಜೆ ಗೊತ್ತಾಯಿತು.

ಕ್ರೇಗ್ ಅನ್ನುವ ಊರಿನ ಆಚೆ, ಸೇಜ್ ಪೊದೆಯ ಗುಡ್ಡ. ಅಕ್ಟೋಬರ್ ಕೊನೆ. ಇಲ್ಲಿ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಗುಂಡು ಹಾರಿಸಲು ಕಾನೂನಿನಲ್ಲಿ ಅವಕಾಶ ಇದೆ, ನಿಮಗೆ ಗೊತ್ತಿರುತ್ತದೆ. ಆ ಅರ್ಧ ಗಂಟೆಯಲ್ಲೇ ಎಲ್ಕ್ ಮರದ ಮರೆಯಿಂದ ಹೊರಗೆ ಬರುವುದು. ಎಂಟು ಹೆಣ್ಣು, ಹಿಂದೆ ಒಂದು ಗಂಡು, ಸುಮಾರು 300 ಗಜ ದೂರ. ಕೊಲೊರಾಡೊದ ಬಹಳಷ್ಟು ಯೂನಿಟ್‌ಗಳಲ್ಲಿ (ಬೇಟೆಗೆ ಗುರುತು ಮಾಡಿದ ವಲಯಗಳು) ಗಂಡು ಹೊಡೆಯಬೇಕಾದರೆ ಒಂದು ಕೊಂಬಿನಲ್ಲಾದರೂ 4 ಕವಲು ಇರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು 5 ಇಂಚಾದರೂ ಇರಬೇಕು. ಅಷ್ಟು ಹೊತ್ತಿಗೆ ನನ್ನ ಹತ್ತಿರ 350 ಡಾಲರ್‌ನ 10x42 ಇತ್ತು. ಅದರಲ್ಲಿ ನೋಡಿದೆ. ನಾಲ್ಕು ಕವಲು ಎಣಿಸಿದೆ. ಮತ್ತೆ ಎಣಿಸಿದೆ, ನಾಲ್ಕೇ. ಕೈ ಕೋವಿಯ ಕಡೆಗೆ ಹೋಗಿತ್ತು.

"ತಡಿ" ಅಂದರು ಹಿರಿಯರು. ಅವರದ್ದು ಸ್ವರೋವ್‌ಸ್ಕಿ, ಆ ದುಬಾರಿ ಸಾಲಿನ ಕಂಪನಿಯದ್ದು, ಹಳೆಯದು, ಸೆಕೆಂಡ್ ಹ್ಯಾಂಡ್. ತಾವು ನೋಡಿ ನನ್ನ ಕೈಗೆ ಕೊಟ್ಟರು. ನೋಡಿದರೆ ಕವಲು ಮೂರೇ! ನಾಲ್ಕನೆಯದು ಹಿಂದಿದ್ದ ಸೇಜ್ ಪೊದೆಯ ಒಣ ಕಡ್ಡಿ. ಹಣೆಗವಲೂ ಗಿಡ್ಡ. ನನ್ನದರಲ್ಲಿ ಕೊಂಬು, ಕಡ್ಡಿ ಎರಡೂ ಒಂದೇ ಕಂದು ಬಣ್ಣದ ಗೀಟಾಗಿ ಕಂಡಿತ್ತು. ಅವರದ್ದರಲ್ಲಿ ಮುಂದಿರುವುದು ಮುಂದೆ, ಹಿಂದಿರುವುದು ಹಿಂದೆ ಬಿಡಿಬಿಡಿಯಾಗಿ ಕಂಡಿತು. ಬೆಳಕು ಜಾಸ್ತಿ ಇತ್ತು ಅನ್ನಲಾರೆ. ಒಂದರಲ್ಲಿ 86% ಬೆಳಕು ದಾಟಿ ಇನ್ನೊಂದರಲ್ಲಿ 91% ದಾಟಿದರೆ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬಣ್ಣ ಬಣ್ಣದ ನಡುವಿನ ವ್ಯತ್ಯಾಸ, ಅಂಚಿನ ಚೂಪು, ಆಕಾಶದ ಹೊಳಪು ಲೆನ್ಸ್ ಒಳಗೆ ಚೆಲ್ಲಾಡದೇ ಇರುವುದು.

ಮರುದಿನ ಮಧ್ಯಾಹ್ನ ಅದೇ ಗುಡ್ಡದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನಿಜ ಹೇಳುತ್ತೇನೆ, ಯಾವುದು ಯಾವುದು ಅಂತ ಹೇಳಲು ಕಷ್ಟ.

ಅಂದರೆ ನೀವು ಕೊಡುವ ಹೆಚ್ಚಿನ 2500 ಡಾಲರ್ ದಿನದ ಆ ಎರಡು ಇಪ್ಪತ್ತು ನಿಮಿಷಕ್ಕೆ, ನಸುಕಿನದ್ದು ಒಂದು, ಮುಸ್ಸಂಜೆಯದ್ದು ಒಂದು. ಮತ್ತೆ ಕಣ್ಣಿನ ಆರಾಮಕ್ಕೆ. ದುಬಾರಿಯದ್ದರಲ್ಲಿ ಮೂರು ಗಂಟೆ ನೋಡಿದರೂ ಕಣ್ಣು ಕೆಂಪಾಗುವುದಿಲ್ಲ, ಇನ್ನೂ ನೋಡೋಣ ಅನ್ನಿಸುತ್ತದೆ. ಅಗ್ಗದ್ದನ್ನು ಹತ್ತು ನಿಮಿಷಕ್ಕೊಮ್ಮೆ ಕೆಳಗಿಳಿಸುತ್ತೀರಿ, ಆಮೇಲೆ "ಇಲ್ಲೇನೂ ಇಲ್ಲ, ನಡಿ" ಅನ್ನುತ್ತೀರಿ. ನನ್ನ ಪ್ರಕಾರ ಎಷ್ಟು ದೂರ ಕಾಣುತ್ತದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಬಹುದು ಅನ್ನುವುದಕ್ಕೇ ಜಾಸ್ತಿ ಬೆಲೆ.

ಆ ಆರಾಮದ ಅರ್ಧ ಪಾಲು ಟ್ರೈಪಾಡ್‌ನಲ್ಲಿ ಸಿಗುತ್ತದೆ. ಅದಕ್ಕೇ ಮೇಲೆ ಹಾಗೆ ಹೇಳಿದ್ದು. ಹತ್ತು ಪಟ್ಟು ದೊಡ್ಡದಾಗಿ ಕಾಣುವಾಗ ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ. ಟ್ರೈಪಾಡ್ ಮೇಲಿಟ್ಟು ಕೂತು ನೋಡಿ, ನೂರಿನ್ನೂರು ಡಾಲರ್‌ನ ಟ್ರೈಪಾಡ್ ಸಾಕು. ಎದುರಿನ ಇಳಿಜಾರನ್ನು ಗದ್ದೆ ಉಳುವ ಹಾಗೆ ಸಾಲು ಹಿಡಿದು ನೋಡುತ್ತಾ ಬನ್ನಿ. ಪೂರ್ತಿ ಪ್ರಾಣಿ ಹುಡುಕಬೇಡಿ. ಒಂದು ಕಿವಿ ಅಲ್ಲಾಡಿದ್ದು, ಮರಗಳ ನಡುವೆ ಒಂದು ಅಡ್ಡ ಗೆರೆ, ಇಷ್ಟೇ ಸಿಗುವುದು. 400 ಡಾಲರ್‌ನದ್ದನ್ನು ಹೀಗೆ ಇಟ್ಟು ನೋಡುವವನು 3000ದ್ದನ್ನು ಕೈಯಲ್ಲಿ ಹಿಡಿದು ನಿಂತವನಿಗಿಂತ ಜಾಸ್ತಿ ಎಲ್ಕ್ ಕಾಣುತ್ತಾನೆ. ಇದು ಬೇಕಾದರೆ ಬೆಟ್.

ನೀವು ಎಲ್ಲಿ ಬೇಟೆಯಾಡುತ್ತೀರಿ ಅನ್ನುವುದೂ ಮುಖ್ಯ. ಸೆಪ್ಟೆಂಬರ್‌ನಲ್ಲಿ ಬಿಲ್ಲು ಹಿಡಿದು ದಟ್ಟ ಮರಗಳ ಒಳಗೆ ಹೋಗುವುದಾದರೆ ಕಿವಿಗೇ ಕೆಲಸ ಜಾಸ್ತಿ, ಒಂದು ಹಗುರ 8x32 ಕುತ್ತಿಗೆಯಲ್ಲಿದ್ದರೆ ಆಯಿತು. ಅರಿಝೋನಾದಲ್ಲಿ ಕೂಸ್ ಡಿಯರ್ ಅಂತ ಪುಟ್ಟ ಜಿಂಕೆ ಇದೆ, ಬಂಡೆಯ ಬಣ್ಣವೇ ಅದರ ಬಣ್ಣ. ಅಲ್ಲಿನವರು 15x56 ದುರ್ಬೀನನ್ನು ಟ್ರೈಪಾಡ್‌ಗೆ ಹಾಕಿ ಇಡೀ ದಿನ ಕೂತಿರುತ್ತಾರೆ. ಅಂಥವರಿಗೆ ದುಬಾರಿ ಗಾಜು ಅಗತ್ಯವೇ.

ಇನ್ನೊಂದು ಮಾತು, ಇದು ಬೆಲೆಗೆ ಸಂಬಂಧಿಸಿದ್ದಲ್ಲ. ಕೋವಿಯ ಮೇಲೆ ಗುರಿಯಿಡಲು ಕೂರಿಸುವ ಸ್ಕೋಪ್ ಇದೆಯಲ್ಲ, ಅದರಲ್ಲೇ ನೋಡಿದರಾಯ್ತು ಅಂತ ಯಾರಾದರೂ ಹೇಳಿದರೆ ಅವರ ಜೊತೆ ಕಾಡಿಗೆ ಹೋಗಬೇಡಿ. ಸ್ಕೋಪ್ ಎಲ್ಲಿ ನೋಡುತ್ತದೋ ಕೋವಿಯ ಬಾಯಿಯೂ ಅಲ್ಲೇ ತಿರುಗಿರುತ್ತದೆ. ಆ ಪೊದೆಯ ಹಿಂದೆ ಇರುವುದು ಕಿತ್ತಳೆ ಜಾಕೆಟ್ ಹಾಕಿದ ಮನುಷ್ಯ ಆಗಿರಬಹುದು.

ಊರಲ್ಲಿ ಕೂತು ಇದನ್ನು ಓದುವವರು ಬೈಯುವ ಮೊದಲೇ ಹೇಳಿಬಿಡುತ್ತೇನೆ: ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ, ನಾನು ಹೇಳುತ್ತಿರುವುದು ಇಲ್ಲಿನ ಲೈಸೆನ್ಸ್ ಬೇಟೆಯ ವಿಷಯ. ರಂಗನತಿಟ್ಟು, ಕಬಿನಿ ಕಡೆ ಹಕ್ಕಿ, ಪ್ರಾಣಿ ನೋಡುವುದಕ್ಕೆ ಒಂದು 8x42 ಧಾರಾಳ. ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಲೆನ್ಸ್‌ಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿಗೆ ಬೆಲೆ ಗೊತ್ತಾಗುವುದಿಲ್ಲ.

ನನ್ನ ಕಥೆ ಕೇಳಿದರೆ, ಆ ಸಂಜೆಯ ನಂತರ ನಾನೂ ಸ್ವರೋವ್‌ಸ್ಕಿ ಜ್ವರ ಹತ್ತಿಸಿಕೊಂಡೆ. ಮನೆಯಲ್ಲಿ ಹೆಸರು ಹೇಳಿದರೆ ಹೆಂಡತಿ "ಆ ಹಂಸದ ಗುರುತಿನ ಒಡವೆಯವರಾ?" ಅಂದಳು. ಅದೇ ಮನೆತನ. ಹರಳಿನ ಕಂಪನಿ ಕಟ್ಟಿದವರ ಮಗ ವಿಲ್ಹೆಲ್ಮ್ 1949ರಲ್ಲಿ ಆಸ್ಟ್ರಿಯಾದಲ್ಲಿ ಈ ದುರ್ಬೀನಿನ ಕಂಪನಿ ಶುರುಮಾಡಿದ್ದು. ಇದನ್ನೆಲ್ಲ ವಿವರಿಸಿದೆ. ಬೆಲೆ ಕೇಳಿದಳು. "ಅಷ್ಟು ದುಡ್ಡಿಗೆ ಬೆಂಗಳೂರಿಗೆ ನಾವಿಬ್ಬರೂ ಹೋಗಿಬರಬಹುದು" ಅಂದಳು. ಹೋಗಿಬಂದೆವು. ಈಗಲೂ ನನ್ನದು ಅದೇ 350ರ 10x42. ಮುಸ್ಸಂಜೆ ಕವಲು ಎಣಿಸಲು ಆಗದಿದ್ದರೆ ಗುಂಡು ಹಾರಿಸುವುದಿಲ್ಲ, ಅಷ್ಟೇ.

ನೀವು ಕೊಳ್ಳಲು ಹೋದಾಗ ಮಟಮಟ ಮಧ್ಯಾಹ್ನ ಅಂಗಡಿಯ ಕಿಟಕಿಯಿಂದ ರಸ್ತೆ ನೋಡಬೇಡಿ, ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಹೋಗಿ. ಬಾಗಿಲ ಹೊರಗೆ ನಿಂತು ಪಾರ್ಕಿಂಗ್‌ನ ಆಚೆಯ ಮರದ ನೆರಳೊಳಗೆ ನೋಡಿ, ಎಲೆ, ಕಡ್ಡಿ ಬೇರೆಬೇರೆ ಕಾಣುತ್ತದಾ ಅಂತ. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ನೋಡಿ. ಡಬ್ಬಿಯ ಮೇಲೆ ಐ ರಿಲೀಫ್ (ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆ) 16 ಮಿ.ಮೀ.ಗಿಂತ ಕಡಿಮೆ ಬರೆದಿದ್ದರೆ ಸುತ್ತಲಿನ ಅಂಚು ಕತ್ತರಿಸಿದ ಹಾಗೆ ಕಾಣಬಹುದು. ಅಷ್ಟಾಗಿಯೂ 3000ದ್ದರ ಆಸೆ ಹೋಗದಿದ್ದರೆ ಒಂದು ವಾರಕ್ಕೆ ಬಾಡಿಗೆಗೆ ತಗೊಳ್ಳಿ, ಇಲ್ಲಿ ಸಿಗುತ್ತವೆ. ಸೀಸನ್ ಹತ್ತಿರ ಬಂದರೆ ಖಾಲಿಯಾಗುತ್ತವೆ, ಆಗಸ್ಟ್‌ನಲ್ಲೇ ಹೇಳಿಡಿ.