ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡಿದರೆ ಐಟಿ ಕೆಲಸ ಸಿಗುತ್ತಾ?

ತಮ್ಮಾ, ನೀನು ಬರೆದದ್ದು ಓದಿದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಿಇ ಮುಗಿಸುತ್ತಿದ್ದೀಯ, 2026ರ ಸೆಪ್ಟೆಂಬರಿಗೆ ಇಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೇರಬೇಕು ಅಂತಿದ್ದೀಯ. ಅದು ಮುಗಿದರೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಕಾಂಟ್ರಾಕ್ಟರ್ ಆದರೆ, ಅಂದರೆ ಖಾಯಂ ನೌಕರಿ ಇಲ್ಲದೆ ದಿನದ ಲೆಕ್ಕದಲ್ಲಿ ಐಟಿ ಕೆಲಸ ಮಾಡಿದರೆ, ದಿನಕ್ಕೆ 400 ಪೌಂಡ್ ಅಂತ ವಿದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿಯವರು ಹೇಳಿದ್ದು ನಿಜವಾ, ಚಳಿ, ಊಟ, ಬಾಡಿಗೆ ಹೇಗೆ ಅಂತಲೂ ಕೇಳಿದ್ದೀಯ.

ಕೊನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಚಳಿ ಇದೆ, ರೂಢಿಯಾಗುತ್ತೆ. ಜೋಳದ ಹಿಟ್ಟು ಸಿಗುತ್ತೆ, ರೊಟ್ಟಿ ಬಡಿಯುವುದನ್ನು ಅವ್ವನ ಹತ್ತಿರ ಕಲಿತು ಬಾ. ಬಾಡಿಗೆ ಜಾಸ್ತಿ. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ.

ಕೆಲಸದ ಮಾತಿಗೆ ಬರೋಣ. ನಾನು 2007ರಲ್ಲಿ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದೆ. ಹುಡುಗ ಆನ್‌ಸೈಟ್, ಅಂದರೆ ಕಂಪನಿ ಕೆಲಸದ ಮೇಲೆ ಪರದೇಶಕ್ಕೆ, ಹೋಗಿದ್ದಾನೆ ಅಂದರೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದ ಕಾಲ ಅದು. ಒಂದು ವಿಮಾ ಕಂಪನಿಯ ಬ್ಯಾಚ್ ಕೆಲಸವನ್ನೆಲ್ಲ, ಅಂದರೆ ಕಂಪ್ಯೂಟರಿನಲ್ಲಿ ರಾತ್ರಿ ತಾವಾಗಿಯೇ ಓಡುವ ಜಾಬ್‌ಗಳನ್ನು, ಕಲಿತು ಬೆಂಗಳೂರಿನ ಟೀಮಿಗೆ ಒಪ್ಪಿಸಬೇಕಿತ್ತು. ನಮಗೆ ಕೆಟಿ (ನಾಲೆಜ್ ಟ್ರಾನ್ಸ್‌ಫರ್, ಅಂದರೆ ಕೆಲಸ ಬಿಟ್ಟುಕೊಡುವವರು ಹೊಸಬರಿಗೆ ಹೇಳಿಕೊಡುವುದು) ಕೊಡಬೇಕಾದವರು ಇಬ್ಬರು ಇಂಗ್ಲಿಷರು. ಒಬ್ಬ ಐವತ್ತು ದಾಟಿದ ಕಾಂಟ್ರಾಕ್ಟರ್. ಇನ್ನೊಬ್ಬ ಕಾಲೇಜು ಮುಗಿಸಿ ಇನ್ನೂ ವರ್ಷ ತುಂಬದ ಹುಡುಗ.

ಹಿರಿಯನ ಹತ್ತಿರ ಗೆರೆ ಹಾಕಿದ ಒಂದು ನೋಟ್‌ಬುಕ್ ಇತ್ತು. ಯಾವ ಜಾಬ್ ರಾತ್ರಿ ಎಷ್ಟು ಗಂಟೆಗೆ ಕೈಕೊಡುತ್ತೆ, ಕೈಕೊಟ್ಟರೆ ಯಾವ ಫೈಲ್ ಅಳಿಸಿ ಮತ್ತೆ ಓಡಿಸಬೇಕು, ತಿಂಗಳ ಕೊನೆಯಲ್ಲಿ ಏನು ತಕರಾರು ಬರುತ್ತೆ, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ. ಮುಖ ಗಂಟು ಹಾಕಿಕೊಳ್ಳದೆ ಪುಟಪುಟವೂ ಹೇಳಿಕೊಟ್ಟ. ಹುಡುಗ ಟೆಸ್ಟ್ ಸ್ಕ್ರಿಪ್ಟ್ ಓಡಿಸುತ್ತಿದ್ದ, ಬೆಳಿಗ್ಗೆ ರಿಪೋರ್ಟ್ ಕಳಿಸುತ್ತಿದ್ದ. ಅವನ ಕೆಟಿ ಅರ್ಧ ದಿನದಲ್ಲಿ ಮುಗಿಯಿತು.

ಹಿರಿಯನ ಹೊಟ್ಟೆಯ ಮೇಲೆ ಹೊಡೆದೆವಲ್ಲ ಅಂತ ನನಗೆ ಅಳುಕಿತ್ತು. ಅವನಿಗೆ ಏನೂ ಆಗಲಿಲ್ಲ. ಸ್ವಲ್ಪ ದಿನಕ್ಕೇ ಬೇರೆ ಊರಿನಲ್ಲಿ ಹೊಸ ಕಾಂಟ್ರಾಕ್ಟ್ ಹಿಡಿದ. ಇಷ್ಟು ವರ್ಷ ಕಲಿತದ್ದು ಅವನ ತಲೆಯಲ್ಲಿತ್ತು, ಬೇಕಾದವರು ಇದ್ದರು. ಹುಡುಗನಿಗೆ ಎಲ್ಲೂ ಸಿಗಲಿಲ್ಲ. ಅವನು ಮಾಡುತ್ತಿದ್ದಂಥ ಕೆಲಸ ಎಲ್ಲ ಕಂಪನಿಗಳಿಂದಲೂ ಒಟ್ಟಿಗೇ ಹೊರಗೆ ಹೋಗುತ್ತಿತ್ತು. ಆಮೇಲೆ ಮನೆ ಮಾರಿಸುವ ಏಜೆಂಟನ ಆಫೀಸು ಸೇರಿದ ಅಂತ ಕೇಳಿದೆ. ಈಗಲೂ ಯಾರಾದರೂ ಔಟ್‌ಸೋರ್ಸಿಂಗ್, ಹೀಗೆ ಕೆಲಸ ಹೊರಗೆ ಕೊಡುವುದು, ಅಂದರೆ ನನಗೆ ನೆನಪಾಗುವುದು ಆ ಹುಡುಗನೇ.

ನಿಮ್ಮದು ನವಲಗುಂದದ ಹೊಲ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರೂ ಮೊದಲ ದಿನವೇ ಕೂರಿಗೆ ಹಿಡಿಯುವುದಿಲ್ಲ. ಎತ್ತಿನ ಮುಂದೆ ಹಗ್ಗ ಹಿಡಿದು ನಡೆದ ಹುಡುಗನೇ ಮುಂದೆ ಕೂರಿಗೆ ಹಿಡಿಯುವುದು. ಇಲ್ಲಿಂದ ಹೋಗಿರುವುದು ಆ ಹಗ್ಗ ಹಿಡಿಯುವ ಕೆಲಸ. ಟೆಸ್ಟಿಂಗ್, ಸಪೋರ್ಟ್, ಸಣ್ಣಪುಟ್ಟ ರಿಪೇರಿ. ಹೊಸಬರು ತಪ್ಪು ಮಾಡಿ ಕಲಿಯುತ್ತಿದ್ದದ್ದೇ ಅದರಲ್ಲಿ. ಈಗ ಆ ಕೆಲಸದಲ್ಲಿ ಎಐ ಕೂಡ ಬಂದು ಕೂತಿದೆ.

ಎಲ್ಲಿಗೆ ಹೋಗಿದೆ ಅಂತೀಯಾ? ನೀನು ಇಲ್ಲಿಗೆ ಬಂದರೆ ಹಾಲು ಬ್ರೆಡ್ಡು ತರಲು ಟೆಸ್ಕೋ ಅಂಗಡಿಗೆ ಹೋಗುತ್ತೀಯ. ಅದರ ಬೆಂಗಳೂರು ಆಫೀಸು 2004ರಿಂದ ವೈಟ್‌ಫೀಲ್ಡ್‌ನಲ್ಲಿದೆ. ಇಲ್ಲಿನ ದೊಡ್ಡ ಬ್ಯಾಂಕುಗಳಿಗೂ ಅಲ್ಲಿ ಸ್ವಂತ ಆಫೀಸುಗಳಿವೆ. ನಮ್ಮ ಹುಬ್ಬಳ್ಳಿ ಗೋಕುಲ ರಸ್ತೆಯ ಇನ್ಫೋಸಿಸ್ ಕ್ಯಾಂಪಸ್ ಕಟ್ಟಿ ವರ್ಷಗಟ್ಟಲೆ ಖಾಲಿ ಇತ್ತು, 2022ರಲ್ಲಿ ಅಲ್ಲೂ ಕೆಲಸ ಶುರುವಾಯಿತು. ಸಾಲ ಮಾಡಿ ವಿಮಾನ ಹತ್ತಿ ನೀನು ಇಲ್ಲಿ ಹುಡುಕಲು ಬರುವ ಕೆಲಸ ನಿಮ್ಮ ಕಡೆಗೇ ಬಂದಿದೆ.

ಇನ್ನು 400 ಪೌಂಡಿನ ಮಾತು. ನಾನೂ ಖಾಯಂ ವೀಸಾ ಸಿಕ್ಕ ಮೇಲೆ ಕಾಂಟ್ರಾಕ್ಟಿಂಗ್‌ಗೆ ಇಳಿದೆ. ಆ ದರ ಇದೆ, ಸುಳ್ಳಲ್ಲ. ಆದರೆ ರಜೆ ಹಾಕಿದರೆ ದುಡ್ಡಿಲ್ಲ, ಜ್ವರ ಬಂದರೆ ದುಡ್ಡಿಲ್ಲ, ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗೆ ಕೈ ಖಾಲಿ. ಮೇಲಿಂದ ಐಆರ್35. ನಿನ್ನದೇ ಸಣ್ಣ ಕಂಪನಿ ಅಂತ ಹೇಳಿಕೊಂಡು ನೌಕರನ ಹಾಗೆ ದುಡಿದರೆ ನೌಕರನ ಹಾಗೇ ತೆರಿಗೆ ಕಟ್ಟು ಅನ್ನುವ ನಿಯಮ. 2000ದಿಂದಲೇ ಇತ್ತು. ಯಾರು ನೌಕರ, ಯಾರು ಅಲ್ಲ ಅಂತ ತೀರ್ಮಾನ ಮಾಡುವ ಹೊಣೆ 2017ರಲ್ಲಿ ಸರ್ಕಾರಿ ಕಚೇರಿಗಳಿಗೆ ಬಿತ್ತು. 2021ರ ಏಪ್ರಿಲ್‌ನಲ್ಲಿ ಖಾಸಗಿಯಲ್ಲೂ ದೊಡ್ಡ, ಮಧ್ಯಮ ಕಂಪನಿಗಳ ತಲೆಗೇ ಬಂತು. ಅವರಿಗೆ ಯಾಕೆ ಬೇಕು ಈ ರಗಳೆ? ಎಷ್ಟೋ ಕಡೆ ಸ್ವಂತ ಕಂಪನಿಯ ಕಾಂಟ್ರಾಕ್ಟರುಗಳನ್ನೇ ಬೇಡ ಅಂದರು.

ನಾನು ಇದ್ದ ಕಡೆಯೂ ಹಾಗೇ ಆಯಿತು. ಮುಂದಿನ ವರ್ಷ ಇಡೀ ಟೀಮನ್ನೇ ಬೆಂಗಳೂರಿಗೆ ಕಳಿಸಿದರು. ಕೆಟಿ ಕೊಡುವ ಸರದಿ ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಕಾಲ್, ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಆ ಕಡೆ ಇದ್ದವಳು ಗದಗಿನ ಹುಡುಗಿ. ಒಂದು ದಿನ ಉಳಿದವರೆಲ್ಲ ಕಾಲ್ ಬಿಟ್ಟ ಮೇಲೆ ಮೆಲ್ಲಗೆ ಕೇಳಿದಳು, "ಸರ್, ನೀವು ಹುಬ್ಬಳ್ಳಿ ಕಡ್ಯಾವ್ರೇನ್ರಿ?" ಆಮೇಲೆ ನಮ್ಮ ಕೆಟಿ ಕನ್ನಡದಲ್ಲೇ ನಡೆಯಿತು. ನಾನು ಬರೆದ ಸ್ಕ್ರಿಪ್ಟಿನಲ್ಲಿ ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ತಪ್ಪೊಂದನ್ನು ಅವಳು ಹಿಡಿದಳು. ಅವತ್ತು ನನ್ನ ಅನ್ನದ ಚಿಂತೆಗಿಂತ ಖುಷಿಯೇ ಜಾಸ್ತಿ ಆಯಿತು ಅಂದರೆ ನೀನು ನಂಬುತ್ತೀಯೋ ಇಲ್ಲವೋ. ಅಗ್ಗ ಅಂತ ನಮ್ಮವರಿಗೆ ಕೆಲಸ ಕೊಡುತ್ತಾರೆ ಅನ್ನುವ ಮಾತು ಇಲ್ಲಿ ಆಗಾಗ ಕಿವಿಗೆ ಬೀಳುತ್ತೆ. ಅಗ್ಗ ಹೌದು. ಅಗ್ಗ ಒಂದೇ ಆಗಿದ್ದರೆ ಕೆಲಸ ಯಾವತ್ತೋ ವಾಪಸ್ ಬರುತ್ತಿತ್ತು.

ವೀಸಾದ ಲೆಕ್ಕ ಕನ್ಸಲ್ಟೆನ್ಸಿಯವರು ಪೂರ್ತಿ ಹೇಳಿರಲಿಕ್ಕಿಲ್ಲ. ಓದು ಮುಗಿದ ಮೇಲೆ ಎರಡು ವರ್ಷ ಇರಬಹುದು ಅಂದಿದ್ದಾರಲ್ಲ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ನಿನ್ನ ಕೋರ್ಸ್ ಮುಗಿಯುವುದೇ 2027ರಲ್ಲಿ. ಆ ವೀಸಾದಲ್ಲಿ ಕಾಂಟ್ರಾಕ್ಟಿಂಗ್ ಮಾಡಲು ಅಡ್ಡಿ ಇಲ್ಲ. ಆದರೆ ಕಾಂಟ್ರಾಕ್ಟರನ್ನು ಕರೆಸುವುದೇ ಸೋಮವಾರ ಬಂದು ಮಂಗಳವಾರದಿಂದ ಕೆಲಸ ಮಾಡಿಕೊಡಲಿ ಅಂತ. ಕಲಿಸಲು ಯಾರೂ ಕೂರುವುದಿಲ್ಲ. 18 ತಿಂಗಳೊಳಗೆ ನಿನ್ನನ್ನು ಸ್ಪಾನ್ಸರ್ ಮಾಡುವ, ಅಂದರೆ ಕೆಲಸ ಕೊಟ್ಟು ವೀಸಾಕ್ಕೆ ಹೊಣೆ ನಿಲ್ಲುವ, ಕಂಪನಿ ಸಿಗಬೇಕು. ಹಾಗೆ ಸಿಗುವ ಸ್ಕಿಲ್ಡ್ ವರ್ಕರ್ ಅನ್ನುವ ವೀಸಾಕ್ಕೆ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಹೊಸಬರಿಗೆ ರಿಯಾಯಿತಿ ಇದೆ, ಆದರೂ 33,400ಕ್ಕೆ ಕಮ್ಮಿ ಇರುವ ಹಾಗಿಲ್ಲ. ಹುದ್ದೆಗೊಂದು ದರ ಬೇರೆ ಇರುತ್ತೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಅಷ್ಟು ಕೊಟ್ಟು ಏನೂ ಬಾರದ ಹುಡುಗನನ್ನು ಸ್ಪಾನ್ಸರ್ ಮಾಡುವವರು ಇದ್ದಾರೆ, ತೀರಾ ಕಮ್ಮಿ. ಆ ಬಾಗಿಲಲ್ಲಿ ಈ ಊರಿನ ಹುಡುಗರೂ ನಿಂತಿದ್ದಾರೆ, ಅವರಿಗೆ ವೀಸಾ ಬೇಕಿಲ್ಲ.

ಬರಬೇಡ ಅನ್ನುತ್ತಿಲ್ಲ. ಈಗಲೇ ಬರಬೇಡ. ಮೂರ್ನಾಲ್ಕು ವರ್ಷ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾವುದಾದರೂ ಬ್ಯಾಂಕಿನ, ವಿಮೆಯ ಪ್ರಾಜೆಕ್ಟಿನಲ್ಲಿ ಕೂರು. ಪ್ರೊಡಕ್ಷನ್ ಸಪೋರ್ಟ್, ಅಂದರೆ ಓಡುತ್ತಿರುವ ಸಾಫ್ಟ್‌ವೇರ್ ಕೆಟ್ಟಾಗ ಸರಿಮಾಡುವ ಕೆಲಸ, ಕೊಟ್ಟರೆ ಮೂಗು ಮುರಿಯಬೇಡ, ವ್ಯವಹಾರ ಅರ್ಥವಾಗುವುದೇ ಅಲ್ಲಿ. ಕಂಪನಿಯವರೇ ಕಳಿಸಿದರೆ ಇನ್ನೂ ಒಳ್ಳೆಯದು. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದ ಜೊತೆಗೇ ಇನ್ನೊಂದು ಮಾತಾಗಿದೆ. ಹಾಗೆ ಸ್ವಲ್ಪ ಕಾಲಕ್ಕೆ ಬಂದವರು ಪಿಎಫ್ ಥರದ ವಂತಿಗೆಯನ್ನು ಊರಲ್ಲೇ ಕಟ್ಟಿದರೆ ಸಾಕು, ಎರಡೂ ಕಡೆ ಬೇಡ. ಹಾಗೆ ಬಂದವರು ಕಂಪನಿಗೆ ಇನ್ನೂ ಅಗ್ಗ ಬೀಳುತ್ತಾರೆ ಅಂತ ಇಲ್ಲಿನ ಕಾಂಟ್ರಾಕ್ಟರುಗಳಿಗೆ ಅದರ ಮೇಲೆ ಸಿಟ್ಟಿದೆ. ಅವರ ಜಾಗದಲ್ಲಿ ನಾನಿದ್ದೇನೆ, ಸಿಟ್ಟು ಅರ್ಥವಾಗುತ್ತೆ. ನೀನು ಮಾತ್ರ ಅನುಕೂಲ ಸಿಕ್ಕರೆ ಬಳಸಿಕೋ.

ಅಪ್ಪ ಹೊಲದ ಉತಾರ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ನನಗೊಂದು ಫೋನ್ ಮಾಡಲಿ. ಭಾನುವಾರ ನಿಮ್ಮ ಮಧ್ಯಾಹ್ನದ ಮೇಲೆ ಯಾವಾಗಾದರೂ ಸರಿ. ಇಷ್ಟೆಲ್ಲ ಕೇಳಿಯೂ ಬರುವುದೇ ಆದರೆ ಧಾರವಾಡ ಲೈನ್ ಬಜಾರಿನ ಪೇಢೆ ಕಟ್ಟಿಸಬೇಡ, ಹಾಲಿನ ತಿನಿಸು ತರಲು ಇಲ್ಲಿ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ ತಾ. ಎರಡು ಪೊಟ್ಟಣ ತಂದರೆ ಒಂದು ನನಗೆ.